ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಎಳೆ: ಟಿಪಿ-ಲಿಂಕ್ ಎಂಸಿ220ಎಲ್ ಮೀಡಿಯಾ ಕನ್ವರ್ಟರ್ ಜೋಡಿಯ ವಿಮರ್ಶೆ

ಒಂದೇ ಆವರಣದಲ್ಲಿ ದೂರ ದೂರವಿರುವ ಕಟ್ಟಡಗಳ ಕಂಪ್ಯೂಟರ್‌ಗಳನ್ನು ಒಂದೇ ಜಾಲಕ್ಕೆ ಸೇರಿಸಬೇಕಾದ ಅಗತ್ಯ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಅಕ್ಕಿ ಗಿರಣಿ, ಕಾಫಿ ತೋಟ ಹೀಗೆ ಎಲ್ಲೆಡೆಯೂ ಈಗ ಎದುರಾಗುತ್ತಿದೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ವಸತಿ ಶಾಲೆಯ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುವ ನಾನು, ಕಚೇರಿ ಕಟ್ಟಡದಿಂದ ಸುಮಾರು 420 ಮೀಟರ್ ಆಚೆ, ಅಡಿಕೆ ತೋಟದ ಮಗ್ಗುಲಿಗಿರುವ ವಿದ್ಯಾರ್ಥಿನಿಲಯಕ್ಕೆ ಜಾಲವನ್ನು ಒಯ್ಯಲು ಟಿಪಿ-ಲಿಂಕ್ ಕಂಪನಿಯ ಎಂಸಿ220ಎಲ್ ಎಂಬ, ತಾಮ್ರದ ಕೇಬಲಿನ ಸಂಕೇತವನ್ನು ಗಾಜಿನ ಎಳೆಯ (ಫೈಬರ್) ಬೆಳಕಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್‌ಗಳನ್ನೂ, ಅವುಗಳೊಳಗೆ ಕೂತು ಬೆಳಕನ್ನು ಕಳುಹಿಸಿ ಸ್ವೀಕರಿಸುವ ಎಸ್‌ಎಂ321ಎ ಮತ್ತು ಎಸ್‌ಎಂ321ಬಿ ಎಂಬ ಮಾಡ್ಯೂಲ್‌ಗಳನ್ನೂ ಬಳಸುತ್ತಿದ್ದೇನೆ. ಒಂದು ಪೂರ್ಣ ಮಳೆಗಾಲವನ್ನೂ ಅದರ ಹಿಂದುಮುಂದಿನ ಗುಡುಗು ಸಿಡಿಲಿನ ದಿನಗಳನ್ನೂ ಈ ವ್ಯವಸ್ಥೆ ದಾಟಿರುವುದರಿಂದ, ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ಉಪಯೋಗವಾಗುವಷ್ಟು ಅನುಭವ ನನ್ನಲ್ಲಿದೆ ಎಂದು ಭಾವಿಸಿ ಬರೆಯುತ್ತಿದ್ದೇನೆ.

ನಾಲ್ಕು ಜೋಡಿ ತಾಮ್ರದ ತಂತಿಗಳಿರುವ, ನಾವೆಲ್ಲ ಲ್ಯಾನ್ ಕೇಬಲ್ ಎಂದು ಕರೆಯುವ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲಿಗೆ 100 ಮೀಟರ್ ಮಿತಿ ಇದೆ. ಗೋಡೆಯೊಳಗೆ ಕಾಯಂ ಆಗಿ ಎಳೆದ ಭಾಗಕ್ಕೆ 90 ಮೀಟರ್, ಎರಡೂ ತುದಿಯಲ್ಲಿ ಉಪಕರಣಕ್ಕೆ ಸಿಕ್ಕಿಸುವ ಗಿಡ್ಡ ಪ್ಯಾಚ್ ಕಾರ್ಡ್‌ಗಳಿಗೆ ಒಟ್ಟು 10 ಮೀಟರ್ ಎಂಬುದು ಅದರ ಲೆಕ್ಕ. ಆ ಮಿತಿ ದಾಟಿದ ತಕ್ಷಣ ಸಂಪರ್ಕ ಕಡಿದುಹೋಗುತ್ತದೆ ಎಂದೇನೂ ಅಲ್ಲ. ಒಳ್ಳೆಯ ಕೇಬಲ್ ಆಗಿದ್ದರೆ 120 ಮೀಟರಿನಲ್ಲಿಯೂ ದೀಪ ಹೊತ್ತಿಕೊಳ್ಳಬಹುದು, ಆದರೆ ವೇಗ ತಾನಾಗಿಯೇ ಇಳಿದಿರುತ್ತದೆ ಅಥವಾ ದೊಡ್ಡ ಕಡತವನ್ನು ಕಳುಹಿಸುವಾಗ ಸಂಪರ್ಕ ತಪ್ಪಿ ತಪ್ಪಿ ಹೋಗುತ್ತದೆ. ನಮ್ಮಲ್ಲಿ ಮೊದಲಿದ್ದ ವ್ಯವಸ್ಥೆಯಲ್ಲಿ ದಾರಿಯ ಉದ್ದಕ್ಕೂ ನಾಲ್ಕು ಕಡೆ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಸಣ್ಣ ನೆಟ್‌ವರ್ಕ್ ಸ್ವಿಚ್‌ಗಳನ್ನಿಟ್ಟು ತಾಮ್ರವನ್ನೇ ತುಂಡು ತುಂಡಾಗಿ ಮುಂದೊಯ್ಯಲಾಗಿತ್ತು. ಶಾಸ್ತ್ರದ ಪ್ರಕಾರ ಇದು ಸರಿಯೇ, ಆದರೆ ನಾಲ್ಕರಲ್ಲಿ ಯಾವುದೇ ಒಂದು ಕಡೆ ಕರೆಂಟ್ ಹೋದರೂ ವಿದ್ಯಾರ್ಥಿನಿಲಯದ ಸಂಪರ್ಕ ಹೋಗುತ್ತಿತ್ತು. ಪಂಪ್ ಮನೆಯಲ್ಲಿದ್ದ ಸ್ವಿಚ್ಚಿನ ಕೇಬಲ್ ಕಳಚಿ ನೋಡಿದರೆ ಆರ್‌ಜೆ45 ಮೂತಿಯ ಎಂಟೂ ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತಿತ್ತು. ಮಲೆನಾಡಿನ ತೇವಕ್ಕೆ ಅದು ಸಹಜ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಸಿಡಿಲು. ದೂರ ದೂರದ ಕಟ್ಟಡಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಅರ್ಥಿಂಗ್ ಇರುತ್ತದೆ. ಸಮೀಪದಲ್ಲೆಲ್ಲೋ ಸಿಡಿಲು ನೆಲ ಸೇರಿದಾಗ ಎರಡೂ ಕಡೆಯ ಭೂಮಿಯ ವಿದ್ಯುತ್ ಮಟ್ಟದಲ್ಲಿ ಕ್ಷಣಕಾಲ ಭಾರಿ ವ್ಯತ್ಯಾಸ ಉಂಟಾಗುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಇದ್ದರೆ ಆ ವ್ಯತ್ಯಾಸ ಸಮನಾಗಲು ಹುಡುಕುವ ದಾರಿಗಳಲ್ಲಿ ಅದೂ ಒಂದಾಗುತ್ತದೆ, ಮತ್ತು ಆ ಹೊಡೆತ ನೇರವಾಗಿ ಸ್ವಿಚ್ಚಿನ ಪೋರ್ಟಿಗೆ ತಲುಪುತ್ತದೆ. ಸಿಡಿಲು ಕೇಬಲಿನ ಮೇಲೆಯೇ ಬೀಳಬೇಕಾಗಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಆದ್ದರಿಂದ ದೂರ 60 ಮೀಟರ್ ಆಗಿದ್ದರೂ, ಅಂದರೆ ತಾಮ್ರದ ಮಿತಿಯೊಳಗೇ ಇದ್ದರೂ, ಎರಡು ಪ್ರತ್ಯೇಕ ಕಟ್ಟಡಗಳ ನಡುವೆ ತೆರೆದ ಜಾಗದಲ್ಲಿ ತಾಮ್ರವನ್ನು ಎಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ಅದು ಒಂದು ಕಟ್ಟಡದ ವಿದ್ಯುತ್ತನ್ನು ಇನ್ನೊಂದಕ್ಕೆ ದಾಟಿಸುವುದಿಲ್ಲ.

ಎಂಸಿ220ಎಲ್ ನೋಡಲು ಅಂಗೈಯಗಲದ ಲೋಹದ ಡಬ್ಬಿ. ಒಂದು ಕಡೆ ಗಿಗಾಬಿಟ್ ಆರ್‌ಜೆ45 ಪೋರ್ಟ್, ಪಕ್ಕದಲ್ಲಿ ಎಸ್‌ಎಫ್‌ಪಿ ಎಂಬ ಸಣ್ಣ, ತೆಗೆದು ಹಾಕಬಹುದಾದ ಮಾಡ್ಯೂಲ್ ಕೂರುವ ಒಂದು ಖಾಲಿ ಗೂಡು, ಜೊತೆಗೆ ಹೊರಗಿನಿಂದ ಕರೆಂಟ್ ಕೊಡುವ ಅಡಾಪ್ಟರ್, ಇಷ್ಟೇ ಅದರ ಸ್ವರೂಪ. ಇದಕ್ಕೆ ಐಪಿ ವಿಳಾಸವಿಲ್ಲ, ಲಾಗಿನ್ ಪುಟವಿಲ್ಲ, ಕಂಪ್ಯೂಟರಿನಿಂದ ಹೊಂದಿಸಬೇಕಾದದ್ದು ಏನೂ ಇಲ್ಲ. ತಾಮ್ರದ ಕಡೆಯಿಂದ ಬಂದ ಸಂಕೇತವನ್ನು ಬೆಳಕಿಗೆ, ಬೆಳಕನ್ನು ಮತ್ತೆ ತಾಮ್ರದ ಸಂಕೇತಕ್ಕೆ ಬದಲಿಸುವುದಷ್ಟೇ ಅದರ ಕೆಲಸ. ಎರಡೂ ಬದಿಯ ಸಂಪರ್ಕಕ್ಕೆ ಪ್ರತ್ಯೇಕ ದೀಪಗಳಿರುವುದು ತುಂಬ ಉಪಕಾರಿ. ಗಾಜಿನ ಕಡೆಯ ದೀಪ ಆರಿದ್ದರೆ ಕೇಬಲನ್ನೂ ಆಚೆ ತುದಿಯನ್ನೂ ನೋಡಬೇಕು, ತಾಮ್ರದ ಕಡೆಯದು ಆರಿದ್ದರೆ ಪಕ್ಕದ ಸ್ವಿಚ್ಚನ್ನು ನೋಡಬೇಕು ಎಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ ಫೋನಿನಲ್ಲಿಯೇ ಹೇಳಿ ಅರ್ಧ ಸಮಸ್ಯೆಯನ್ನು ಬಗೆಹರಿಸಬಹುದು. ಇಂಥ ಡಬ್ಬಿಗಳನ್ನು ಹಲವು ಕಟ್ಟಡಗಳಿಗೆ ಬಳಸುವವರು ಒಂದೊಂದಕ್ಕೂ ಪ್ರತ್ಯೇಕ ಅಡಾಪ್ಟರ್ ಸಿಕ್ಕಿಸುವ ಬದಲು ಅದೇ ಕಂಪನಿಯ 14 ಗೂಡುಗಳ ಎಂಸಿ1400 ಚಾಸಿ ಎಂಬ ಚೌಕಟ್ಟಿನಲ್ಲಿ ಅವುಗಳನ್ನು ಜೋಡಿಸಬಹುದು. ನಮಗೆ ಅಷ್ಟರ ಅಗತ್ಯವಿರಲಿಲ್ಲ.

ಖಾಲಿ ಗೂಡಿನ ಈ ವಿನ್ಯಾಸವೇ ಎಂಸಿ220ಎಲ್ ಅನ್ನು ನಾನು ಆರಿಸಲು ಮುಖ್ಯ ಕಾರಣ. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಕನ್ವರ್ಟರ್‌ಗಳಲ್ಲಿ ಬೆಳಕಿನ ಭಾಗ ಡಬ್ಬಿಯೊಳಗೇ ಬೆಸೆದಿರುತ್ತದೆ, ಆ ಭಾಗ ಕೆಟ್ಟರೆ ಇಡೀ ಡಬ್ಬಿಯನ್ನು ಬದಲಿಸಬೇಕು. ಇದರಲ್ಲಿ ಮಾಡ್ಯೂಲನ್ನು ಮಾತ್ರ ತೆಗೆದು ಬೇರೆಯದನ್ನು ಹಾಕಬಹುದು. ನಾವು ಹಾಕಿರುವ ಜೋಡಿ ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವಂಥದ್ದು. ಎಸ್‌ಎಂ321ಎ 1550 ನ್ಯಾನೋಮೀಟರಿನಲ್ಲಿ ಕಳುಹಿಸಿ 1310 ನ್ಯಾನೋಮೀಟರಿನಲ್ಲಿ ಸ್ವೀಕರಿಸುತ್ತದೆ, ಎಸ್‌ಎಂ321ಬಿ ಅದಕ್ಕೆ ತದ್ವಿರುದ್ಧ. ಎರಡು ಬೇರೆ ತರಂಗಾಂತರಗಳಾದ್ದರಿಂದ ಹೋಗುವ ಬೆಳಕೂ ಬರುವ ಬೆಳಕೂ ಒಂದೇ ಗಾಜಿನ ಎಳೆಯಲ್ಲಿ ಪರಸ್ಪರ ಅಡ್ಡಿಯಾಗದೆ ಸಾಗುತ್ತವೆ. ಇದರಿಂದಾಗಿ ಒಂದು ತುದಿಗೆ ಎ, ಇನ್ನೊಂದು ತುದಿಗೆ ಬಿ ಇರಲೇಬೇಕು. ಎರಡೂ ಕಡೆ ಎ ಹಾಕಿದರೆ ಇಬ್ಬರೂ ಒಂದೇ ಬಣ್ಣದಲ್ಲಿ ಕಳುಹಿಸಿ ಇನ್ನೊಂದು ಬಣ್ಣಕ್ಕೆ ಕಾಯುತ್ತಾರೆ, ದೀಪ ಹೊತ್ತುವುದೇ ಇಲ್ಲ. ಅಂಗಡಿಯವರು ಅವಸರದಲ್ಲಿ ಒಂದೇ ಬಗೆಯ ಎರಡನ್ನು ಕೊಟ್ಟುಬಿಡುವ ಸಂಭವ ಇರುವುದರಿಂದ ಪೆಟ್ಟಿಗೆಯ ಮೇಲಿನ ಅಕ್ಷರವನ್ನು ಅಂಗಡಿಯಲ್ಲಿಯೇ ಓದಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಈ ಮಾಡ್ಯೂಲ್‌ಗಳ ಘೋಷಿತ ದೂರ 10 ಕಿಲೋಮೀಟರ್. ಅರ್ಧ ಕಿಲೋಮೀಟರ್ ಕೂಡ ಇಲ್ಲದ ನಮ್ಮ ದಾರಿಗೆ ಅಷ್ಟು ಶಕ್ತಿಯ ಬೆಳಕು ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಆಗುವುದಿಲ್ಲ. 10 ಕಿಲೋಮೀಟರ್ ವರ್ಗದ ಬೆಳಕು ಸ್ವೀಕರಿಸುವ ಕಡೆಯ ಸಹನೆಯೊಳಗೇ ಇರುತ್ತದೆ. 40 ಅಥವಾ 80 ಕಿಲೋಮೀಟರ್ ವರ್ಗದ ಮಾಡ್ಯೂಲನ್ನು ಇಷ್ಟು ಹತ್ತಿರಕ್ಕೆ ಬಳಸಿದರೆ ಮಾತ್ರ ಸ್ವೀಕರಿಸುವ ಭಾಗ ಹಾಳಾಗುವ ಅಪಾಯವಿದ್ದು, ಆಗ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರ್ ಬೇಕಾಗುತ್ತದೆ. ಹೆಚ್ಚು ಕಿಲೋಮೀಟರಿನದು ಹೆಚ್ಚು ಒಳ್ಳೆಯದು ಎಂದು ತಿಳಿದು ದುಬಾರಿಯದನ್ನು ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಲೆಕ್ಕವೂ ಸರಳವಾಗಿದೆ. ದೂರದ ಸಂಪರ್ಕಕ್ಕೆ ಬಳಸುವ ಸಿಂಗಲ್ ಮೋಡ್ ಎಳೆಯಲ್ಲಿ 1310 ನ್ಯಾನೋಮೀಟರಿನ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ (ಬೆಳಕಿನ ನಷ್ಟದ ಅಳತೆ) ಕುಗ್ಗುತ್ತದೆ, ನಮ್ಮ ದೂರಕ್ಕೆ ಅದು 0.15ರಷ್ಟು. ಎರಡು ಬೆಸುಗೆಗಳಿಗೆ ತಲಾ 0.1, ಎರಡು ಕನೆಕ್ಟರ್‌ಗಳಿಗೆ ತಲಾ 0.5 ಎಂದು ಉದಾರವಾಗಿ ಹಿಡಿದರೂ ಒಟ್ಟು ನಷ್ಟ ಒಂದೂವರೆ ಡೆಸಿಬೆಲ್ ದಾಟುವುದಿಲ್ಲ. ಈ ವರ್ಗದ ಮಾಡ್ಯೂಲ್‌ಗಳು ಸುಮಾರು 10 ಡೆಸಿಬೆಲ್ ನಷ್ಟವನ್ನು ತಡೆದುಕೊಳ್ಳಬಲ್ಲವು. ಮುಂದೆಂದಾದರೂ ಕೇಬಲ್ ತುಂಡಾಗಿ ಮಧ್ಯದಲ್ಲಿ ಎರಡು ಮೂರು ಜಾಯಿಂಟ್ ಹಾಕಬೇಕಾಗಿ ಬಂದರೂ ಚಿಂತಿಸಬೇಕಾಗಿಲ್ಲ ಎಂಬುದು ಈ ಲೆಕ್ಕದಿಂದ ಸಿಗುವ ಧೈರ್ಯ.

ಆದರೆ ಈ ಡಬ್ಬಿಗಳಿಗಿಂತ ಅವುಗಳ ನಡುವಿನ ಕೇಬಲ್ ಮತ್ತು ಅದನ್ನು ಬೆಸೆಯುವ ಕೆಲಸವೇ ಇಡೀ ವ್ಯವಸ್ಥೆಯ ಆಯುಷ್ಯವನ್ನು ನಿರ್ಧರಿಸುತ್ತದೆ, ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹೆಗ್ಗಣದ ಕಾಟವಿರುವ ಕಡೆ ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ಹಾಕಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಅದು ಒಳ್ಳೆಯ ಸಲಹೆಯೇ, ಆದರೆ ಆ ಉಕ್ಕು ಕೂಡ ವಿದ್ಯುತ್ ಹರಿಯುವ ಲೋಹ. ಅದನ್ನು ಎರಡೂ ಕಟ್ಟಡಗಳ ಒಳಗಿನ ರ‍್ಯಾಕ್‌ವರೆಗೆ ತಂದುಬಿಟ್ಟರೆ ತಾಮ್ರವನ್ನು ಬಿಟ್ಟು ಗಾಜಿಗೆ ಬಂದ ಉದ್ದೇಶದ ಅರ್ಧ ಭಾಗವೇ ವ್ಯರ್ಥವಾಗುತ್ತದೆ. ಆರ್ಮರ್ಡ್ ಹಾಕುವುದಾದರೆ ಕಟ್ಟಡದ ಪ್ರವೇಶದಲ್ಲಿಯೇ ಕವಚವನ್ನು ಕತ್ತರಿಸಿ ಅರ್ಥಿಂಗ್‌ಗೆ ಕೊಟ್ಟು, ಒಳಗೆ ಲೋಹವಿಲ್ಲದ ಭಾಗವನ್ನು ಮಾತ್ರ ಒಯ್ಯಬೇಕು. ನಾವು ಲೋಹವೇ ಇಲ್ಲದ, ಬಲಕ್ಕೆ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿಗೊಳಿಸಿದ ಪ್ಲಾಸ್ಟಿಕ್) ಕಡ್ಡಿಯೂ ಇಲಿ ಹೆಗ್ಗಣಗಳ ಹಲ್ಲಿಗೆ ತಡೆಯಾಗಿ ಗಾಜಿನ ನೂಲಿನ ಸುತ್ತೂ ಇರುವ ಕೇಬಲನ್ನು ತರಿಸಿ, ಎಚ್‌ಡಿಪಿಇ ಪೈಪಿನೊಳಗೆ ಹಾಯಿಸಿ ನೆಲದಡಿಯಲ್ಲಿ ಹಾಕಿಸಿದೆವು. ತೋಟದಲ್ಲಿ ಗುದ್ದಲಿ ಹಾಕುವವರಿಗೆ ಎಚ್ಚರಿಕೆಯಾಗಲೆಂದು ಪೈಪಿನ ಮೇಲೆ ಒಂದಡಿ ಮಣ್ಣು ತುಂಬಿದ ನಂತರ ಹಳದಿ ಪಟ್ಟಿಯನ್ನೂ ಹಾಸಲಾಗಿದೆ. ಕೆಲಸಕ್ಕೆ ಬೇಕಾದದ್ದು ಒಂದೇ ಎಳೆಯಾದರೂ ಆರು ಎಳೆಗಳ ಕೇಬಲನ್ನೇ ಹಾಕಿದ್ದೇವೆ, ಏಕೆಂದರೆ ಅಗೆತದ ಕೂಲಿಯ ಮುಂದೆ ಹೆಚ್ಚುವರಿ ಎಳೆಗಳ ಬೆಲೆ ಏನೇನೂ ಅಲ್ಲ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ ಎಂಬ ಕ್ರಮದಲ್ಲಿರುವ ಎಳೆಗಳಲ್ಲಿ ಸದ್ಯ ನೀಲಿ ಮಾತ್ರ ಬಳಕೆಯಲ್ಲಿದ್ದು, ಕಿತ್ತಳೆಯನ್ನೂ ಎರಡೂ ತುದಿಯಲ್ಲಿ ಬೆಸೆದು ಸಿದ್ಧವಾಗಿ ಇಡಲಾಗಿದೆ.

ಬೆಸುಗೆಗೆ ಬಂದವರು ಊರಿನ ಕೇಬಲ್ ಟಿವಿ ಮತ್ತು ಫೈಬರ್ ಇಂಟರ್‌ನೆಟ್ ಸಂಪರ್ಕಗಳನ್ನು ನೋಡಿಕೊಳ್ಳುವ ಯುವಕರು. ಅವರ ಕೈಚಳಕವನ್ನು ಹತ್ತಿರ ಕೂತು ನೋಡುವುದೇ ಒಂದು ಪಾಠ. ಹೊರಗಿನ ಸಿಪ್ಪೆಯನ್ನು ಸುಲಿದು, 125 ಮೈಕ್ರಾನ್ ದಪ್ಪದ ಬೆತ್ತಲೆ ಗಾಜನ್ನು ಸ್ಪಿರಿಟ್ ಹಚ್ಚಿದ ಕಾಗದದಲ್ಲಿ ಒರೆಸಿ, ಕ್ಲೀವರ್‌ನಲ್ಲಿ ತುದಿಯನ್ನು ನೆಟ್ಟಗೆ ಕತ್ತರಿಸಿ ಯಂತ್ರದೊಳಗೆ ಇಟ್ಟರೆ, ಪುಟ್ಟ ಪರದೆಯ ಮೇಲೆ ಎರಡು ದಪ್ಪ ಕಂಬಗಳಂತೆ ಕಾಣುವ ಎಳೆಗಳು ತಾವಾಗಿಯೇ ಸರಿದು ಎದುರುಬದುರಾಗುತ್ತವೆ. ಒಂದು ಕಿಡಿ ಹಾರಿ ಅವು ಒಂದಾದ ಮೇಲೆ ಅಂದಾಜು ನಷ್ಟ 0.02 ಎಂದು ಪರದೆಯಲ್ಲಿ ಮೂಡುತ್ತದೆ. ಆಮೇಲೆ ಬೆಸುಗೆಯ ಮೇಲೆ ಸ್ಲೀವ್ ಎಳೆದು, ಅದೇ ಯಂತ್ರದ ಪುಟ್ಟ ಒಲೆಯಲ್ಲಿ ಕಾಯಿಸಿ ಕುಗ್ಗಿಸುತ್ತಾರೆ. ಮೊದಲ ದಿನ ಅವರು ಬ್ಯಾಗಿನಿಂದ ಪಿಗ್‌ಟೇಲ್ (ಒಂದು ತುದಿಗೆ ಮೊದಲೇ ಕನೆಕ್ಟರ್ ಕೂರಿಸಿದ ಗಿಡ್ಡ ಎಳೆ) ತೆಗೆದಾಗ ಅದರ ಮೂತಿ ಹಸಿರು ಬಣ್ಣದ್ದಾಗಿತ್ತು.

“ಮೇಷ್ಟ್ರೇ, ನಮ್ಮ ಹತ್ರ ಇರೋದೆಲ್ಲ ಹಸಿರು ಮೂತಿದೇ. ಮನೆ ಕನೆಕ್ಷನ್‌ಗೆಲ್ಲ ಇದನ್ನೇ ಹಾಕೋದು” ಎಂದರು.

“ಈ ಮಾಡ್ಯೂಲ್‌ಗೆ ನೀಲಿದೇ ಆಗ್ಬೇಕಪ್ಪ. ಶಿವಮೊಗ್ಗದಿಂದ ತರಿಸ್ಕೊಂಡೇ ಮಾಡಿ, ಒಂದು ದಿನ ತಡವಾದ್ರೂ ಪರವಾಗಿಲ್ಲ” ಎಂದು ಕೇಳಿಕೊಂಡೆ.

ಇದು ಹಟದ ಮಾತಲ್ಲ. ಹಸಿರು ಬಣ್ಣದ ಎಪಿಸಿ ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿ ಬಣ್ಣದ ಯುಪಿಸಿಯ ತುದಿ ಓರೆಯಿಲ್ಲದೆ ನೇರವಾಗಿರುತ್ತದೆ. ಒಂದಕ್ಕೊಂದನ್ನು ಒತ್ತಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಬಹಳಷ್ಟು ನಷ್ಟವಾಗುತ್ತದೆ. ದೂರ ಕಡಿಮೆಯಿದ್ದರೆ ಆರಂಭದಲ್ಲಿ ಸಂಪರ್ಕ ಬಂದಂತೆ ಕಾಣಬಹುದು, ಆದರೆ ಕನೆಕ್ಟರಿನ ತುದಿಗಳಿಗೇ ಗೀರು ಬೀಳುವ ಸಾಧ್ಯತೆಯಿದೆ. ನಮ್ಮ ಊರುಗಳಲ್ಲಿ ಬೆಸುಗೆ ಕೆಲಸಕ್ಕೆ ಸಿಗುವವರು ಹೆಚ್ಚಾಗಿ ಮನೆ ಸಂಪರ್ಕಗಳಲ್ಲಿ ಪಳಗಿದವರೇ ಆದ್ದರಿಂದ, ನೀಲಿ ಮೂತಿಯ, ಎಲ್‌ಸಿ ಎಂಬ ಸಣ್ಣ ಬಗೆಯ ಕನೆಕ್ಟರ್ ಇರುವ ಪಿಗ್‌ಟೇಲ್ ಬೇಕು ಎಂದು ಮೊದಲೇ ತಿಳಿಸಿಬಿಡುವುದು ಉತ್ತಮ. ಬೆಸುಗೆ ಮುಗಿದ ಮೇಲೆ ಒಂದು ತುದಿಯಿಂದ ಕೆಂಪು ಬೆಳಕು ಬಿಡುವ ಪೆನ್ನಿನಂಥ ಉಪಕರಣದಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಎಳೆ ತುಂಡಾಗಿರುವ ಅಥವಾ ಅತಿಯಾಗಿ ಬಾಗಿರುವ ಜಾಗದಲ್ಲಿ ಪ್ಯಾಚ್ ಕಾರ್ಡಿನ ಹಳದಿ ಹೊದಿಕೆಯೊಳಗಿನಿಂದಲೇ ಕೆಂಪು ಬೆಳಕು ಹೊರಗೆ ಸೋರುವುದು ಕಣ್ಣಿಗೆ ಕಾಣುತ್ತದೆ. ನಮ್ಮ ಕಚೇರಿಯಲ್ಲಿ ಬೀರುವಿನ ಹಿಂದೆ ಒತ್ತಿಹೋಗಿದ್ದ ಒಂದು ತಿರುವು ಹೀಗೆಯೇ ಪತ್ತೆಯಾಯಿತು. ಮಾಡ್ಯೂಲಿನಿಂದ ಬರುವ ಬೆಳಕು ಮಾತ್ರ ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಅದರ ಬಾಯಿಗೆ ಕಣ್ಣಿಟ್ಟು ನೋಡುವ ಅಭ್ಯಾಸ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಬೇಡ.

ಕೆಲಸದ ಗುಣಮಟ್ಟದ ಬಗ್ಗೆ ಹೇಳುವುದಾದರೆ ನನಗೆ ಪೂರ್ಣ ತೃಪ್ತಿಯಿದೆ. ಎರಡೂ ತುದಿಯಲ್ಲಿ ಗಿಗಾಬಿಟ್ ಪೋರ್ಟಿನ ಕಂಪ್ಯೂಟರ್ ಇಟ್ಟು ಅಳೆದಾಗ ಸೆಕೆಂಡಿಗೆ 940 ಮೆಗಾಬಿಟ್‌ನ ಆಸುಪಾಸಿನ ವೇಗ ಸಿಗುತ್ತದೆ, ಗಿಗಾಬಿಟ್ ಈಥರ್ನೆಟ್ಟಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಪಿಂಗ್, ಅಂದರೆ ಸಂಕೇತ ಹೋಗಿ ಮರಳುವ ಸಮಯ, ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಕಚೇರಿಯ ಸರ್ವರಿನಲ್ಲಿರುವ ಪಾಠದ ವಿಡಿಯೋಗಳನ್ನು ವಿದ್ಯಾರ್ಥಿನಿಲಯದ ಇಡೀ ಕೊಠಡಿಯ ಮಕ್ಕಳು ಒಟ್ಟಿಗೆ ತೆರೆದರೂ ತಡವರಿಸುವುದಿಲ್ಲ. ಜುಲೈ ತಿಂಗಳ ಎಡೆಬಿಡದ ಮಳೆಯಲ್ಲಿಯೂ ಪೈಪಿನ ಚೇಂಬರಿನೊಳಗೆ ನೀರು ನಿಂತಿದ್ದಾಗಲೂ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಂತಿಯಿಲ್ಲದೆ, ಎದುರುಬದುರು ಆಂಟೆನಾಗಳಿಂದ ಜಾಲ ಒಯ್ಯುವ ವೈರ್‌ಲೆಸ್ ಸೇತುವೆಯ ಯೋಚನೆಯನ್ನು ನಾನು ಮೊದಲೇ ಕೈಬಿಟ್ಟಿದ್ದೆ. ಎರಡು ಕಟ್ಟಡಗಳ ನಡುವೆ ಗಾಳಿಗೆ ತೂಗಾಡುವ ಅಡಿಕೆ ಮರಗಳಿರುವಾಗ, ಅದೂ ಮರಗಳು ವರ್ಷ ವರ್ಷವೂ ಎತ್ತರವಾಗುತ್ತಿರುವಾಗ, ಇಂದು ಕಾಣುವ ನೇರ ದೃಷ್ಟಿ ನಾಳೆಗೂ ಇರುತ್ತದೆಂಬ ಭರವಸೆ ಇರುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಡಬ್ಬಿಗೆ ನಿರ್ವಹಣೆಯ ಸೌಲಭ್ಯವಿಲ್ಲದ ಕಾರಣ ಮಾಡ್ಯೂಲಿಗೆ ಬರುತ್ತಿರುವ ಬೆಳಕಿನ ಪ್ರಮಾಣ ಎಷ್ಟು ಎಂಬುದನ್ನು ಕೂತಲ್ಲಿಂದ ಓದಲಾಗುವುದಿಲ್ಲ. ಸಂಪರ್ಕ ನಿಧಾನವಾಗಿ ದುರ್ಬಲವಾಗುತ್ತಿದ್ದರೆ ಅದು ಕಡಿದುಹೋಗುವವರೆಗೂ ತಿಳಿಯುವುದಿಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದ ಕಾರಣ, ನೆಟ್‌ವರ್ಕ್ ಕೇಬಲಿನಿಂದಲೇ ಕರೆಂಟ್ ಪಡೆಯುವ ಪಿಓಇ ಕ್ಯಾಮೆರಾಗಳಿಗೆ ಆಚೆ ತುದಿಯಲ್ಲಿ ಪ್ರತ್ಯೇಕ ಪಿಓಇ ಸ್ವಿಚ್ ಇಡಲೇಬೇಕು. ಎರಡು ಡಬ್ಬಿಗಳೆಂದರೆ ಎರಡು ಅಡಾಪ್ಟರ್‌ಗಳು, ಹಾಗಾಗಿ ಎರಡೂ ತುದಿಗೆ ಸಣ್ಣ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದಾಗ ಜಾಲವೂ ಹೋಗುತ್ತದೆ. ಇನ್ನೊಂದು ಮಾತು: ಸಿಡಿಲಿನ ಹೊಡೆತ ನೆಟ್‌ವರ್ಕ್ ಕೇಬಲಿನ ದಾರಿಯಲ್ಲಿ ಬರುವುದನ್ನು ಗಾಜು ತಪ್ಪಿಸುತ್ತದೆ, ಕರೆಂಟ್ ಲೈನಿನ ದಾರಿಯಲ್ಲಿ ಬರುವುದನ್ನು ತಪ್ಪಿಸುವುದಿಲ್ಲ. ಅದಕ್ಕಾಗಿ ಮೀಟರ್ ಬೋರ್ಡಿನ ಬಳಿ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಫೈಬರ್ ಹಾಕಿದ್ದೇವೆ, ಇನ್ನು ಸಿಡಿಲಿನ ಭಯವಿಲ್ಲ ಎಂದು ಯಾರೂ ಭಾವಿಸಬಾರದು.

ಅಗೆಯಲು ಸಾಧ್ಯವೇ ಇಲ್ಲದವರಿಗೆ ಬೇರೆ ದಾರಿಗಳಿವೆ. ಕಟ್ಟಡಗಳ ನಡುವೆ ಹಳೆಯ ದೂರವಾಣಿ ತಂತಿ ಉಳಿದಿದ್ದರೆ ವಿಡಿಎಸ್ಎಲ್ ತಂತ್ರದ ಈಥರ್ನೆಟ್ ಎಕ್ಸ್‌ಟೆಂಡರ್ ಜೋಡಿಯಿಂದ ಒಂದು ಕಿಲೋಮೀಟರಿನವರೆಗೂ ಜಾಲ ಒಯ್ಯಬಹುದು, ಆದರೆ ದೂರ ಹೆಚ್ಚಿದಂತೆ ವೇಗ ಗಣನೀಯವಾಗಿ ಇಳಿಯುತ್ತದೆ. ಕೆಲವು ಪಿಓಇ ಸ್ವಿಚ್‌ಗಳಲ್ಲಿರುವ ಎಕ್ಸ್‌ಟೆಂಡ್ ಮೋಡ್ 250 ಮೀಟರಿನವರೆಗೆ ಸೆಕೆಂಡಿಗೆ 10 ಮೆಗಾಬಿಟ್ ವೇಗ ಕೊಡುತ್ತದೆ, ಗೇಟಿನ ಬಳಿಯ ಒಂದೆರಡು ಕ್ಯಾಮೆರಾಗಳಿಗೆ ಅಷ್ಟು ಸಾಕು. ಅದಕ್ಕೆ ಅಪ್ಪಟ ತಾಮ್ರದ ಕೇಬಲ್ ಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು ಅಗ್ಗದ ದರಕ್ಕೆ ಮಾರುವ ಸಿಸಿಎ ಕೇಬಲಿನಲ್ಲಿ ಅಷ್ಟು ದೂರ ನಂಬಿಕೊಳ್ಳುವಂತಿಲ್ಲ. ಇವೆರಡೂ ತಾಮ್ರದ ಮಾರ್ಗಗಳೇ ಆದ್ದರಿಂದ ಸಿಡಿಲಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅವುಗಳಿಗೂ ಅನ್ವಯಿಸುತ್ತದೆ.

ಹೊಸದಾಗಿ ಸ್ವಿಚ್ ಕೊಳ್ಳಲಿರುವವರಿಗೆ ಮಾತ್ರ ನಾನು ಕನ್ವರ್ಟರನ್ನು ಶಿಫಾರಸು ಮಾಡುವುದಿಲ್ಲ. ಎಸ್‌ಎಫ್‌ಪಿ ಗೂಡಿರುವ ಸ್ವಿಚ್ಚನ್ನೇ ಕೊಂಡು ಮಾಡ್ಯೂಲನ್ನು ನೇರವಾಗಿ ಅದಕ್ಕೆ ಸಿಕ್ಕಿಸಿದರೆ ಒಂದು ಡಬ್ಬಿ, ಒಂದು ಅಡಾಪ್ಟರ್, ಒಂದು ಪ್ಯಾಚ್ ಕಾರ್ಡ್ ಉಳಿಯುತ್ತವೆ, ಮತ್ತು ನಿರ್ವಹಣಾ ಸೌಲಭ್ಯವಿರುವ ಸ್ವಿಚ್ ಆದರೆ, ಮಾಡ್ಯೂಲಿನಲ್ಲಿಯೂ ಆ ವ್ಯವಸ್ಥೆಯಿದ್ದಲ್ಲಿ, ಬೆಳಕಿನ ಪ್ರಮಾಣವನ್ನೂ ಓದಬಹುದು. ಕೆಲವು ಕಂಪನಿಗಳ ಸ್ವಿಚ್‌ಗಳು ಬೇರೆಯವರ ಮಾಡ್ಯೂಲನ್ನು ಒಪ್ಪುವುದಿಲ್ಲವಾದ್ದರಿಂದ ಕೊಳ್ಳುವ ಮೊದಲು ವಿಚಾರಿಸಿಕೊಳ್ಳಬೇಕು. ಇರುವ ಸ್ವಿಚ್ ಚೆನ್ನಾಗಿಯೇ ಇದೆ, ಅದರಲ್ಲಿ ಗೂಡಿಲ್ಲ ಎನ್ನುವವರಿಗೆ ಎಂಸಿ220ಎಲ್ ಸರಿಯಾದ ಆಯ್ಕೆ. ಒಂದು ತುದಿಯಲ್ಲಿ ಕನ್ವರ್ಟರ್, ಇನ್ನೊಂದು ತುದಿಯಲ್ಲಿ ಗೂಡಿರುವ ಸ್ವಿಚ್ ಇದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ಮುಂದಿನ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿನಿಲಯಕ್ಕೆ ಹೊಸ ಸ್ವಿಚ್ ಬರಲಿದ್ದು, ಅಲ್ಲಿನ ಎಸ್‌ಎಂ321ಬಿ ಮಾಡ್ಯೂಲ್ ನೇರವಾಗಿ ಅದಕ್ಕೆ ಹೋಗುತ್ತದೆ, ಬಿಡುವಾಗುವ ಡಬ್ಬಿ ಕಚೇರಿಯಲ್ಲಿ ಬದಲಿಯಾಗಿ ಉಳಿಯುತ್ತದೆ. ಎ ಮತ್ತು ಬಿ ಎರಡೂ ಬಗೆಯ ಒಂದೊಂದು ಹೆಚ್ಚುವರಿ ಮಾಡ್ಯೂಲನ್ನು ಧೂಳಿನ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ ಈಗಾಗಲೇ ಎತ್ತಿಟ್ಟಿದ್ದೇವೆ.